ಮಾದರಿಗಳಿಗೆ ಬಣ್ಣ ಬೆರೆಸುವ ಕ್ರಮ

ಹಡಗು, ವಿಮಾನಗಳ ಚಿಕ್ಕ ಮಾದರಿಗಳನ್ನು ಜೋಡಿಸುವವರಿಗೆ ಒಂದು ಸಂದೇಹ ಬರುವುದುಂಟು: ನಿಜವಾದ ವಿಮಾನಕ್ಕೆ ಬಳಿದ ಬಣ್ಣವನ್ನೇ ಬಳಿದರೂ ಮಾದರಿಯು ಏಕೆ ಕಪ್ಪಿಟ್ಟು ಆಟಿಕೆಯಂತೆ ತೋರುತ್ತದೆ?

1:72 ಪ್ರಮಾಣದ ಮಾದರಿಯನ್ನು ಒಂದು ಅಡಿ ದೂರದಿಂದ ನೋಡುವುದೆಂದರೆ ನಿಜ ವಿಮಾನವನ್ನು 72 ಅಡಿ ದೂರದಿಂದ ನೋಡಿದಂತೆ. 1:700 ಪ್ರಮಾಣದ ಹಡಗಾದರೆ 700 ಅಡಿ! ದೂರದ ಹಸುರು ಗುಡ್ಡ ತಿಳಿನೀಲಿಯಾಗಿ ಕಾಣುವುದನ್ನು ನೀವೆಲ್ಲ ಬಲ್ಲಿರಿ. ನಡುವಿನ ಗಾಳಿ ಬೆಳಕನ್ನು ಚೆದರಿಸುವುದೇ ಅದಕ್ಕೆ ಕಾರಣ. ಆದುದರಿಂದ ಮಾದರಿಯ ಬಣ್ಣವನ್ನು ತುಸು ತಿಳಿ ಮಾಡಬೇಕು. 72 ಅಡಿಯೊಳಗೆ ಗಾಳಿ ಏನು ಮಾಡೀತು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ, ಆದರೆ ಕೋಣೆಯ ಮಂದ ಬೆಳಕು ಬಯಲಿನ ಬಿಸಿಲಿಗೆ ಸಮನಲ್ಲವಷ್ಟೆ!

ಒಂದು ಉದಾಹರಣೆ. 1940ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಲಾರ್ಡ್ ಮೌಂಟ್‌ಬ್ಯಾಟನ್ (1947ರಲ್ಲಿ ಭಾರತದ ಕೊನೆಯ ವೈಸರಾಯ್ ಆದವರು) ತಮ್ಮ ಯುದ್ಧನೌಕೆಗಳು ಮುಂಜಾವು, ಮುಸ್ಸಂಜೆಗಳಲ್ಲಿ ಶತ್ರುವಿನ ಕಣ್ಣಿಗೆ ಬೀಳದಿರಲೆಂದು ಬೂದು ಬಣ್ಣಕ್ಕೆ ಸ್ವಲ್ಪ ಕಾವಿಗೆಂಪು ಬೆರೆಸಿ ಬಳಿಸಿದರು. ಮಾದರಿಗೆ ಇದನ್ನು ತಯಾರಿಸುವಾಗ ಮೊದಲು ಬೂದು ಬಣ್ಣವನ್ನು ಬಟ್ಟಲಿಗೆ ಹಾಕಿ, ಕೆಂಪನ್ನು ಕಡ್ಡಿಯ ತುದಿಯಿಂದ ಒಂದೊಂದೇ ಹನಿ ಸೇರಿಸಿರಿ. ಕೆಂಪಿಗೆ ಬೂದು ಸುರಿಯಹೊರಟರೆ ಡಬ್ಬಿ ಬರಿದಾದರೂ ಹದ ಬಾರದು. ತಿಳಿ ಮಾಡುವ ಬಿಳಿ ಆಮೇಲೆ.

ಎನಾಮಲ್ಲಿಗೆ ಎನಾಮಲ್ಲೇ, ನೀರಿನ ಬಣ್ಣಕ್ಕೆ ನೀರಿನ ಬಣ್ಣವೇ ಜೊತೆ. ಹಸಿಯಾಗಿ ಕಂಡುದನ್ನು ನಂಬಬೇಡಿ. ಪ್ಲಾಸ್ಟಿಕ್ ಚೂರಿಗೆ ಬಳಿದು, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿರಿ. ಇಡೀ ಹಡಗಿಗೆ ಸಾಲುವಷ್ಟನ್ನು ಒಮ್ಮೆಗೇ ಬೆರೆಸಿರಿ; ಇಲ್ಲವಾದರೆ ಎಡಬದಿ ಒಂದು ಬಣ್ಣ, ಬಲಬದಿ ಇನ್ನೊಂದಾದೀತು. ಹನಿಗಳ ಲೆಕ್ಕವನ್ನು ಆ ಚೂರಿನ ಬೆನ್ನಿಗೇ ಬರೆದಿಡಿರಿ.