ವಿದ್ಯುತ್ ಸುರಕ್ಷತೆ: ಎಂ.ಸಿ.ಬಿ. ಒಂದೇ ಸಾಲದು

ಶಿಕಾರಿಪುರ, ಸೊರಬ ತಾಲ್ಲೂಕುಗಳ ಅಕ್ಕಿ ಗಿರಣಿ ಹಾಗೂ ಅಡಿಕೆ ಸುಲಿಯುವ ಘಟಕಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಮೋಟಾರು ದುರಸ್ತಿಯ ವೆಚ್ಚ ಪ್ರತಿವರ್ಷವೂ ಕಾಣಸಿಗುತ್ತದೆ. ಅರ್ಥಿಂಗ್ ಪರೀಕ್ಷೆಯ ವೆಚ್ಚ ಮಾತ್ರ ಅಪರೂಪ. ಮಳೆ, ಒದ್ದೆ ನೆಲ, ಬರಿಗಾಲು ಒಂದೆಡೆ ಸೇರುವ ನಮ್ಮ ಭಾಗದಲ್ಲಿ ಈ ಉದಾಸೀನ ಸಲ್ಲದು.

ಎಂ.ಸಿ.ಬಿ. ಅಳವಡಿಸಿದ್ದೇವೆಂಬ ಸಮಾಧಾನ ಹಲವರಲ್ಲಿದೆ. ಅದು ಅತಿಭಾರ ಮತ್ತು ಶಾರ್ಟ್ ಸರ್ಕ್ಯೂಟ್‌ಗಳಿಂದ ತಂತಿಯನ್ನು ರಕ್ಷಿಸುತ್ತದೆಯೇ ಹೊರತು ಮನುಷ್ಯನನ್ನಲ್ಲ. ದೇಹದ ಮೂಲಕ ಹರಿಯುವ 50 ಮಿಲಿಆಂಪಿಯರ್ ವಿದ್ಯುತ್ತೂ ಪ್ರಾಣ ತೆಗೆಯಬಲ್ಲದು. ಅಷ್ಟಕ್ಕೆ 16 ಆಂಪಿಯರ್‌ನ ಎಂ.ಸಿ.ಬಿ. ಅಲುಗುವುದಿಲ್ಲ. ಆದುದರಿಂದ ಸಾಕೆಟ್ ಹಾಗೂ ಕೈಯುಪಕರಣಗಳ ಮಾರ್ಗಕ್ಕೆ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಅಗತ್ಯ.

ಪಾಲಿಸಬೇಕಾದ ಕ್ರಮಗಳು:

1. ಯಂತ್ರಗಳ ಲೋಹದ ಕವಚಕ್ಕೆ ಅರ್ಥಿಂಗ್ ಇರಲಿ. ಮಣ್ಣು ಒಣಗಿರುವ ಬೇಸಿಗೆಯಲ್ಲಿ ಅದರ ರೋಧವನ್ನು ಅಳೆಯಿಸಿರಿ.

2. ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ.

3. ದುರಸ್ತಿಗೆ ಮುನ್ನ ಮುಖ್ಯ ಸ್ವಿಚ್ ಆರಿಸಿ ಬೀಗ ಹಾಕಿರಿ; ಕೀಲಿಕೈ ದುರಸ್ತಿ ಮಾಡುವವರ ಬಳಿಯೇ ಇರಲಿ.

4. ಜನರೇಟರ್‌ಗೆ ಚೇಂಜ್‌ಓವರ್ ಸ್ವಿಚ್ ಕಡ್ಡಾಯವಾಗಿರಲಿ. ಇಲ್ಲವಾದರೆ ವಿದ್ಯುತ್ ಹಿಮ್ಮುಖವಾಗಿ ಹರಿದು, ಕಂಬವೇರಿದ ಮೆಸ್ಕಾಂ ಲೈನ್‌ಮನ್‌ನ ಜೀವಕ್ಕೆ ಎರವಾದೀತು.

ವಿಮೆಯಿದೆಯೆಂದು ನಿಶ್ಚಿಂತರಾಗಬೇಡಿ. ಶಾರ್ಟ್ ಸರ್ಕ್ಯೂಟ್‌ನಿಂದ ಸುಟ್ಟ ಮೋಟಾರಿನ ನಷ್ಟವನ್ನು ಬೆಂಕಿ ವಿಮೆಯು ಸಾಮಾನ್ಯವಾಗಿ ಭರಿಸುವುದಿಲ್ಲ. ಅಲ್ಲಿಂದ ಹರಡಿದ ಬೆಂಕಿಯ ಹಾನಿಗಷ್ಟೇ ಅದು ಅನ್ವಯ. ಪಾಲಿಸಿಯ ಷರತ್ತುಗಳನ್ನು ಒಮ್ಮೆ ಓದಿಕೊಳ್ಳಿರಿ. ಕಾರ್ಮಿಕನ ಕುಟುಂಬಕ್ಕೆ ಪರಿಹಾರ ನೀಡಬಹುದು, ದುಡಿಯುವ ಕೈಯನ್ನು ಮರಳಿ ಕೊಡಲಾಗದು. ಮುಂದಿನ ಆಯವ್ಯಯದಲ್ಲಿ ವಿದ್ಯುತ್ ಸುರಕ್ಷತೆಗೆಂದೇ ಪ್ರತ್ಯೇಕ ಮೊತ್ತವನ್ನು ತೆಗೆದಿರಿಸುವುದು ವಿವೇಕದ ಮಾರ್ಗ.