ಕಾಯಿಲೆಯ ಹೆಸರಿಗಿಂತ ಮೊದಲು ರೋಗಿಯ ಮಾತು

ಮನೋವೈದ್ಯ ವಿಭಾಗಕ್ಕೆ ಹೊಸದಾಗಿ ಬಂದಿರುವ ಕಿರಿಯರಿಗೆ ನಾನು ಹೇಳಬೇಕಾದ ಮಾತು ಒಂದೇ. ರೋಗಿ ಹೇಳಿದ್ದನ್ನು ರೋಗಿಯ ಮಾತಿನಲ್ಲೇ ಬರೆದುಕೊಳ್ಳಿ, ಅದಕ್ಕೆ ಹೆಸರಿಡುವ ಕೆಲಸ ಆಮೇಲಿನದು. ಸ್ಕಿಜೋಫ್ರೀನಿಯಾವನ್ನೋ ಖಿನ್ನತೆಯನ್ನೋ ಖಚಿತವಾಗಿ ತೋರಿಸಿಕೊಡುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ನಮಗಿರುವ ಆಧಾರ ಎದುರು ಕೂತವರ ಮಾತು, ನಡೆ, ಮುಖಭಾವ. ಜರ್ಮನಿಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ತಮ್ಮ ಮನೋರೋಗಶಾಸ್ತ್ರದ ಗ್ರಂಥದಲ್ಲಿ ಇದನ್ನು ಒತ್ತಿ ಹೇಳಿದರು: ರೋಗಿಗೆ ಆಗುತ್ತಿರುವ ಅನುಭವವನ್ನು ಮೊದಲು ಇದ್ದಂತೆ ವಿವರಿಸಬೇಕು, ಸಿದ್ಧಾಂತ ನಂತರ.

ನಮ್ಮ ಒಪಿಡಿಗೆ ರೋಗಿ ಒಬ್ಬರೇ ಬರುವುದು ಅಪರೂಪ. ಅಣ್ಣನೋ ಅತ್ತೆಯೋ ಜೊತೆಗಿರುತ್ತಾರೆ, ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. ಅವರು ಕಂಡದ್ದು ನಮಗೆ ಬೇಕೇ ಬೇಕು. ಆದರೂ ಮೊದಲ ಪ್ರಶ್ನೆ ರೋಗಿಗೇ ಹೋಗಲಿ: "ಏನಮ್ಮಾ ತೊಂದರೆ, ನೀವೇ ಹೇಳಿ." ಸ್ವಲ್ಪ ಹೊತ್ತಾದರೂ ಮನೆಯವರನ್ನು ಹೊರಗೆ ಕೂರಿಸಿ ಮಾತಾಡಿ. ಗಂಡನ ಎದುರು ತಲೆ ಬಗ್ಗಿಸಿ ಕೂತಿದ್ದ ಹೆಣ್ಣುಮಗಳು ಅವನು ಎದ್ದುಹೋದ ಮೇಲೆ ಬಾಯಿ ಬಿಡುವುದುಂಟು.

"ನನಗೆ ಖಿನ್ನತೆ" ಎಂದು ನಮ್ಮ ಜನ ಬರುವುದು ಕಡಿಮೆ. "ಎದೆ ಉರೀತದೆ", "ತಲೆಯೆಲ್ಲ ಬಿಸಿ", "ಕೈಕಾಲಲ್ಲಿ ಶಕ್ತಿಯೇ ಇಲ್ಲ" ಅನ್ನುತ್ತಾರೆ. ಎದೆಯುರಿ ಎಂದ ರೈತನಿಗೆ ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳಿಸುವುದು ಸುಲಭ. ಅವಸರಪಡಬೇಡಿ. ಯಾವ ಹೊತ್ತಿಗೆ ಹೆಚ್ಚು ಎಂದು ಕೇಳಿ. "ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗ್ತದೆ ಸಾರ್. ಸಾಲ ನೆನಪಾಗ್ತದೆ. ನಾನಿದ್ದು ಏನು ಪ್ರಯೋಜನ ಅನ್ನಿಸ್ತದೆ" ಎಂದರೆ, ಹೊತ್ತಿಗೆ ಮುಂಚೆ ಎಚ್ಚರವಾಗುವುದು, ನಿರಾಶೆ, ತಾನು ಕೆಲಸಕ್ಕೆ ಬಾರದವನೆಂಬ ಭಾವ ಎಲ್ಲವೂ ನಿಮ್ಮ ಮುಂದೆ ಬಂದವು.

ಅಲ್ಲಿಗೆ ನಿಲ್ಲಿಸಬೇಡಿ. ಮೆಲ್ಲಗೆ, ಆದರೆ ನೇರವಾಗಿ ಮುಂದುವರಿಸಿ: "ಸತ್ತರೆ ಸಾಕು ಅನ್ನಿಸಿದ್ದುಂಟಾ? ಜೀವ ಕಳಕೊಳ್ಳೋ ಯೋಚನೆ ಬಂದಿತ್ತಾ? ಹೇಗೆ, ಯಾವಾಗ ಅಂತಾನೂ ಯೋಚಿಸಿದ್ರಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಬಿಡಿ. ಹಾಗಾಗುವುದಿಲ್ಲ. ಯಾರಾದರೂ ಕೇಳಲಿ ಎಂದು ಕಾದಿದ್ದವರು ಅನೇಕರು. ಹೊಲಕ್ಕೆ ತಂದ ಕ್ರಿಮಿನಾಶಕ ಮನೆಯಲ್ಲಿದ್ದರೆ ಇವತ್ತೇ ಅದನ್ನು ಅವರ ಕೈಗೆ ಸಿಗದಂತೆ ಮಾಡಲು ಮನೆಯವರಿಗೆ ಹೇಳಿ, ಒಂಟಿಯಾಗಿ ಬಿಡಬೇಡಿ ಎಂದೂ ಹೇಳಿ. ಅಪಾಯ ಹೆಚ್ಚೆನಿಸಿದರೆ ಮನೆಗೆ ಕಳಿಸಲೇಬೇಡಿ.

ಕಿವಿಯಲ್ಲಿ ದನಿ ಕೇಳುತ್ತದೆ ಎಂದವರಿಗೂ ಅಷ್ಟೇ ತಾಳ್ಮೆ ಬೇಕು. ಯಾರ ದನಿ? ಎಚ್ಚರದಲ್ಲೋ, ನಿದ್ದೆಯ ಮಂಪರಿನಲ್ಲೋ? ಇವರನ್ನೇ ಕರೆಯುತ್ತದೋ, ಇಬ್ಬರು ಸೇರಿ ಇವರ ಬಗ್ಗೆ ಆಡಿಕೊಳ್ಳುತ್ತಾರೋ? ಏನಾದರೂ ಮಾಡು ಎಂದು ಅಪ್ಪಣೆ ಕೊಡುತ್ತದೋ? ಜಾತ್ರೆಯಲ್ಲಿ ಮೈಮೇಲೆ ದೇವಿ ಬರುತ್ತಾಳೆ ಎಂದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಊರಿನವರಿಗೆ ಅದು ರೂಢಿಯ ಸಂಗತಿಯೇ, ಉಳಿದ ದಿನಗಳಲ್ಲಿ ಅವರ ಊಟ, ನಿದ್ದೆ, ದುಡಿಮೆ ಹೇಗಿದೆ ಎಂದು ವಿಚಾರಿಸಿದ ಮೇಲಷ್ಟೇ ತೀರ್ಮಾನಕ್ಕೆ ಬನ್ನಿ.

ನೆನಪು, ಗಮನಗಳನ್ನು ಪರೀಕ್ಷಿಸುವಾಗ ಶಾಲೆಯ ಕಲಿಕೆಯನ್ನು ಅಳೆಯಬೇಡಿ. ನೂರರಿಂದ ಏಳೇಳು ಕಳೆಯಲು ಬಾರದ ಅಜ್ಜಿ ನೂರು ರೂಪಾಯಿಗೆ ಚಿಲ್ಲರೆ ಲೆಕ್ಕವನ್ನು ಥಟ್ಟನೆ ಹೇಳಬಲ್ಲಳು. ತಾರೀಖು ಗೊತ್ತಿಲ್ಲದಿದ್ದರೆ ವಾರ ಕೇಳಿ, ಅಮಾವಾಸ್ಯೆ ಕಳೆಯಿತಾ ಎಂದು ಕೇಳಿ. ಆದರೆ ನಿನ್ನೆವರೆಗೆ ಸರಿಯಿದ್ದವರು ಇವತ್ತು ಹಗಲುರಾತ್ರಿ ತಿಳಿಯದೆ ಗಲಿಬಿಲಿಗೊಂಡು, ಗಳಿಗೆಗೊಂದು ರೀತಿ ಇದ್ದರೆ ಎಚ್ಚರ! ಕುಡಿತ ಬಿಟ್ಟ ಎರಡು ಮೂರು ದಿನಕ್ಕೆ ಕೈ ನಡುಗಿ, ಗೋಡೆಯ ಮೇಲೆ ಹುಳ ಹರಿದಾಡುವುದು ಕಂಡರೂ ಅಷ್ಟೇ. ಇದು ಡೆಲಿರಿಯಂ, ಜೀವಕ್ಕೆ ಅಪಾಯ. ಸಂದರ್ಶನ ಆಮೇಲಾಗಲಿ. ಮೊದಲು ನಾಡಿ, ಬಿಪಿ, ಜ್ವರ, ಸಕ್ಕರೆ, ಸೋಡಿಯಂ ನೋಡಿ, ಮೆಡಿಸಿನ್ ವಿಭಾಗದವರನ್ನು ಕರೆಸಿ.

ಕೊನೆಯದಾಗಿ ಕೇಸ್ ಶೀಟಿನ ವಿಷಯ. "ರೋಗದ ಅರಿವಿಲ್ಲ" ಎಂದು ಒಂದು ಸಾಲು ಗೀಚಿ ಮುಗಿಸಬೇಡಿ. "ನನಗೇನೂ ಆಗಿಲ್ಲ, ಯಾರೋ ಮಾಟ ಮಾಡಿಸಿದ್ದಾರೆ. ನಿದ್ದೆಗೆ ಮಾತ್ರೆ ಕೊಟ್ಟರೆ ತಗೋತೀನಿ" ಎಂದು ಅವರು ಹೇಳಿದ್ದರೆ ಅದನ್ನೇ ಬರೆಯಿರಿ. ಚಿಕಿತ್ಸೆಗೆ ಒಪ್ಪಿಸುವ ದಾರಿ ಆ ಕೊನೆಯ ವಾಕ್ಯದಲ್ಲೇ ಇದೆ. "ಅರಿವಿಲ್ಲ" ಎಂದಷ್ಟೇ ಬರೆದಿದ್ದರೆ ನಾಳೆ ನೋಡುವ ವೈದ್ಯರಿಗೆ ಆ ದಾರಿ ಕಾಣುತ್ತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ತಮ್ಮ ವೈದ್ಯಕೀಯ ದಾಖಲೆಯನ್ನು ನೋಡುವ ಹಕ್ಕು ರೋಗಿಗೂ ಇದೆ. ಗಂಭೀರ ಹಾನಿಯಾಗಬಹುದಾದ ವಿವರವನ್ನಷ್ಟೇ ತಡೆಹಿಡಿಯಬಹುದು. ಮುಂದೊಂದು ದಿನ ಗುಣವಾಗಿ ಅದನ್ನು ಓದಿದವರು "ಹೌದು, ನಾನು ಹೇಳಿದ್ದು ಇದನ್ನೇ" ಎನ್ನುವಂತೆ ಬರೆಯಿರಿ. ಹಾಗೆ ಬರೆಯಬೇಕಾದರೆ ಹಾಗೆ ಕೇಳಿಸಿಕೊಂಡಿರಲೇಬೇಕು.