ಖಿನ್ನತೆ: ಕಾರಣಗಳನ್ನು ಅರಿಯುವ ಬಗೆ

ದುಃಖವು ಮಾನವ ಸಹಜವಾದುದು. ಆಪ್ತರ ಅಗಲಿಕೆ, ಬೆಳೆಹಾನಿ, ಪರೀಕ್ಷೆಯಲ್ಲಿ ಸೋಲು ಮುಂತಾದವುಗಳಿಂದ ಮನಸ್ಸು ಕುಗ್ಗುತ್ತದೆ, ಕಾಲಕ್ರಮೇಣ ಚೇತರಿಸಿಕೊಳ್ಳುತ್ತದೆ. ಆದರೆ ಬೇಸರ ಅಥವಾ ನಿರಾಸಕ್ತಿಯು ದಿನದ ಬಹುಭಾಗವನ್ನು ಆವರಿಸಿ, ಎರಡು ವಾರಗಳಿಗೂ ಮಿಗಿಲಾಗಿ ಉಳಿದು, ನಿದ್ರೆ, ಹಸಿವು, ಏಕಾಗ್ರತೆಗಳು ಕೆಟ್ಟು, ನಿತ್ಯದ ಕೆಲಸಕಾರ್ಯಗಳಿಗೆ ಅಡ್ಡಿಯಾದಲ್ಲಿ ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸುಮಾರು 20 ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಇದಕ್ಕೆ ಒಳಗಾಗಿರುತ್ತಾರೆ. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕಾರಣಗಳ ಬಗೆಗಿನ ತಪ್ಪು ಕಲ್ಪನೆಗಳು ಇದಕ್ಕೆ ಒಂದು ಮುಖ್ಯ ಕಾರಣವಾಗಿವೆ.

ದೇಹ ಮತ್ತು ವಂಶ

ಖಿನ್ನತೆಗೆ ಇಂಥದೇ ಒಂದು ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಹಲವು ಅಂಶಗಳು ಒಟ್ಟುಗೂಡಿದಾಗ ಅದು ತಲೆದೋರುತ್ತದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಆದರೆ ವಂಶದಲ್ಲಿ ಇದ್ದವರಿಗೆಲ್ಲ ಅದು ಬರಲೇಬೇಕೆಂದಿಲ್ಲ. ಇಲ್ಲದವರಿಗೆ ಬಾರದೆಂದೂ ಇಲ್ಲ. ಮೆದುಳಿನ ರಾಸಾಯನಿಕಗಳ ಪಾತ್ರವಿದೆಯಾದರೂ, ಯಾವುದೋ ಒಂದರ ಕೊರತೆಯೇ ಖಿನ್ನತೆ ಎಂಬ ಸರಳ ವಿವರಣೆಯನ್ನು ವಿಜ್ಞಾನಿಗಳು ಇಂದು ಒಪ್ಪುವುದಿಲ್ಲ.

ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾಗುವುದು, ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ, ಪಾರ್ಶ್ವವಾಯು, ಮಧುಮೇಹ, ಕೆಲವು ಔಷಧಿಗಳು ಹಾಗೂ ಮದ್ಯಪಾನವೂ ಖಿನ್ನತೆಗೆ ಅಥವಾ ಅದನ್ನು ಹೋಲುವ ಲಕ್ಷಣಗಳಿಗೆ ಎಡೆಗೊಡಬಹುದು. ಆದುದರಿಂದಲೇ ವೈದ್ಯರು ಮೊದಲು ದೇಹಪರೀಕ್ಷೆಯನ್ನೂ ಅಗತ್ಯವಿದ್ದಲ್ಲಿ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ. ಪುರುಷರಿಗಿಂತ ಸ್ತ್ರೀಯರಲ್ಲಿ ಈ ಕಾಯಿಲೆ ಹೆಚ್ಚಾಗಿ ಕಂಡುಬರುತ್ತದೆ. ಹೆರಿಗೆಯ ಅನಂತರದ ತಿಂಗಳುಗಳಲ್ಲಿ ವಿಶೇಷ ಎಚ್ಚರಿಕೆ ಅವಶ್ಯಕ.

ಬದುಕಿನ ಆಘಾತಗಳು

ನೆರೆಯ ಆಂಧ್ರಪ್ರದೇಶದ ಎರಡು ನಗರಗಳ ಇತ್ತೀಚಿನ ಅನುಭವವನ್ನು ಇಲ್ಲಿ ನಿದರ್ಶನವಾಗಿ ನೋಡಬಹುದು. ವಿಶಾಖಪಟ್ಟಣಕ್ಕೆ 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿ ಮನೆ, ಮರ, ದೋಣಿಗಳನ್ನು ನಾಶಮಾಡಿತು. ಅದೇ ನಗರದ ಹೊರವಲಯದ ಆರ್.ಆರ್. ವೆಂಕಟಾಪುರದಲ್ಲಿ 2020ರ ಮೇ 7ರ ನಸುಕಿನಲ್ಲಿ ಕಾರ್ಖಾನೆಯೊಂದರಿಂದ ಸ್ಟೈರೀನ್ ಅನಿಲ ಸೋರಿ 12 ಮಂದಿ ಅಸುನೀಗಿದರು. ವಿಜಯವಾಡದಲ್ಲಿ 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹಳ್ಳ ಉಕ್ಕಿ ಸಿಂಗ್‌ನಗರ ಮೊದಲಾದ ಬಡಾವಣೆಗಳು ದಿನಗಟ್ಟಲೆ ಜಲಾವೃತವಾದವು.

ಇಂಥ ವಿಪತ್ತಿನ ಅನಂತರ ಭಯ, ನಿದ್ರಾಹೀನತೆಗಳು ಅನೇಕರಲ್ಲಿ ತಲೆದೋರುತ್ತವೆ. ಹೆಚ್ಚಿನವರು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ಅದು ಖಿನ್ನತೆಯಾಗಿ ನೆಲೆಗೊಳ್ಳುತ್ತದೆ. ಒಂದೇ ಬೀದಿಯ ಎರಡು ಮನೆಗಳಿಗೆ ನೀರು ನುಗ್ಗಿದರೂ, ಒಂದು ಮನೆಯವರು ಚೇತರಿಸಿಕೊಂಡು ಇನ್ನೊಂದು ಮನೆಯವರು ಕುಸಿಯಬಹುದು. ಏಕೆಂದರೆ ಘಟನೆಯಷ್ಟೇ ಅದರ ಹಿಂದುಮುಂದಿನ ಪರಿಸ್ಥಿತಿಯೂ ಮುಖ್ಯ: ಮೈಮೇಲಿನ ಸಾಲ, ನಿಂತುಹೋದ ದುಡಿಮೆ, ಮನೆಯಲ್ಲಿನ ಸಾವು, ಮೊದಲೇ ಇದ್ದ ಕಾಯಿಲೆ, ಕಷ್ಟ ಕೇಳುವವರಿಲ್ಲದ ಒಂಟಿತನ. ನೆರೆಹೊರೆ, ಬಂಧುಬಳಗದ ಆಸರೆಯಿದ್ದವರಿಗೆ ಅಪಾಯ ಕಡಿಮೆ.

ದಿನನಿತ್ಯದ ಒತ್ತಡಗಳು

ಎಲ್ಲ ಆಘಾತಗಳೂ ಸದ್ದುಮಾಡಿ ಬರುವುದಿಲ್ಲ. ವಿಜಯವಾಡದ ಸುತ್ತಮುತ್ತ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳಿಗೆ ತರಬೇತಿ ನೀಡುವ ವಸತಿ ಕಾಲೇಜುಗಳು ಬಹಳವಿವೆ. ಹದಿನಾರು ಹದಿನೇಳರ ಹರೆಯದಲ್ಲಿ ಮನೆ ಬಿಟ್ಟು, ನಿದ್ರೆಗೆಟ್ಟು, ಅಂಕಗಳಿಂದಲೇ ಅಳೆಯಲ್ಪಡುವ ಮಕ್ಕಳ ಮನಸ್ಸು ಬಳಲುವುದು ಆಶ್ಚರ್ಯವಲ್ಲ. ಬಂದರು, ಉಕ್ಕಿನ ಕಾರ್ಖಾನೆ ಮತ್ತು ನೌಕಾನೆಲೆಗಳ ನಗರವಾದ ವಿಶಾಖಪಟ್ಟಣದಂಥ ಊರುಗಳಲ್ಲಿ ಉದ್ಯೋಗ ನಿಮಿತ್ತ ನೆಲೆಸಿದವರಿಗೆ ಪರಸ್ಥಳ, ಪರಭಾಷೆಗಳ ನಡುವಿನ ಏಕಾಂತವೂ, ರಾತ್ರಿಪಾಳಿಯ ದುಡಿಮೆಯೂ ಭಾರವಾಗಬಹುದು. ಬಾಲ್ಯದ ದೌರ್ಜನ್ಯ, ದಾಂಪತ್ಯದಲ್ಲಿನ ಹಿಂಸೆ, ಬಡತನ, ಜಾತಿ ನಿಂದನೆಗಳು ದೀರ್ಘಕಾಲ ಕಾಡುವ ಕಾರಣಗಳಾಗಿವೆ.

ತಪ್ಪು ತಿಳಿವಳಿಕೆ

ಖಿನ್ನತೆಯು ಸೋಮಾರಿತನವಲ್ಲ; ಮನೋದೌರ್ಬಲ್ಯವಲ್ಲ; ಗ್ರಹಚಾರ, ಮಾಟಗಳ ಫಲವೂ ಅಲ್ಲ. "ಧೈರ್ಯ ತಂದುಕೋ" ಎಂಬ ಬರಿಯ ಉಪದೇಶದಿಂದ ರೋಗಿಯ ತಪ್ಪಿತಸ್ಥ ಭಾವನೆ ಹೆಚ್ಚುವುದೇ ಹೊರತು ಕಾಯಿಲೆ ಗುಣವಾಗುವುದಿಲ್ಲ. "ಅವನಿಗೇನು ಕಡಿಮೆಯಾಗಿದೆ?" ಎಂದು ಕೇಳುವುದೂ ಸರಿಯಲ್ಲ. ಕಣ್ಣಿಗೆ ಕಾಣುವ ಕಾರಣವಿಲ್ಲದೆಯೂ ಖಿನ್ನತೆ ಬರಬಹುದು.

ಪರಿಹಾರ

ಕಾರಣಗಳು ಹಲವಿರುವಂತೆ ಚಿಕಿತ್ಸೆಯ ದಾರಿಗಳೂ ಹಲವಿವೆ. ಆಪ್ತಸಲಹೆ, ಮನೋಚಿಕಿತ್ಸೆ, ಔಷಧಿಗಳನ್ನು ವೈದ್ಯರು ರೋಗಿಯ ಸ್ಥಿತಿಗೆ ಅನುಗುಣವಾಗಿ ಸೂಚಿಸುತ್ತಾರೆ. ಔಷಧಿಯ ಪರಿಣಾಮ ತೋರಲು ಕೆಲವು ವಾರಗಳು ಬೇಕು. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ವಿಶಾಖಪಟ್ಟಣದ ಸರ್ಕಾರಿ ಮಾನಸಿಕ ಆಸ್ಪತ್ರೆಯು 1871ರಷ್ಟು ಹಿಂದೆಯೇ ಆರಂಭವಾದುದು. ಆಗ ಇಂಥ ಆಲಯಗಳು ರೋಗಿಗಳನ್ನು ಸಮಾಜದಿಂದ ದೂರವಿಡುವ ತಾಣಗಳಾಗಿದ್ದವು. ಇಂದು ಬಹುತೇಕ ಖಿನ್ನತೆಯ ರೋಗಿಗಳು ಮನೆಯಲ್ಲಿದ್ದುಕೊಂಡೇ ಗುಣಹೊಂದಬಲ್ಲರು. 1982ರಲ್ಲಿ ಆರಂಭವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಜಿಲ್ಲಾಮಟ್ಟಕ್ಕೆ ಒಯ್ಯುವ ಮಾದರಿ ರೂಪುಗೊಂಡುದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಎಂಬುದು ಸ್ಮರಣೀಯ.

ಯಾರಾದರೂ ಸಾವಿನ ಮಾತನ್ನಾಡಿದರೆ ಅದನ್ನು ಹಗುರವಾಗಿ ಪರಿಗಣಿಸಬಾರದು. ಅವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕ ಮುಂತಾದ ಅಪಾಯಕಾರಿ ವಸ್ತುಗಳನ್ನು ದೂರವಿರಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಆದುದರಿಂದ ಪೊಲೀಸರ ಭಯದಿಂದ ಚಿಕಿತ್ಸೆಗೆ ತಡಮಾಡುವುದು ಸಲ್ಲದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಕನ್ನಡ, ತೆಲುಗು ಭಾಷೆಗಳಲ್ಲಿಯೂ ಮಾತನಾಡಬಹುದು.

ಕಾರಣವನ್ನು ಅರಿಯುವುದೆಂದರೆ ಯಾರದು ತಪ್ಪು ಎಂದು ಹುಡುಕುವುದಲ್ಲ, ಎಲ್ಲಿಂದ ನೆರವು ನೀಡಬಹುದು ಎಂದು ತಿಳಿಯುವುದು. ರೋಗಿಯ ಮಾತನ್ನು ತಾಳ್ಮೆಯಿಂದ ಆಲಿಸುವ ಒಬ್ಬ ವ್ಯಕ್ತಿ ಮನೆಯಲ್ಲಿದ್ದರೂ ಚಿಕಿತ್ಸೆಯ ಮೊದಲ ಹೆಜ್ಜೆಯನ್ನು ಇಟ್ಟಂತೆಯೇ ಸರಿ.